ಕೌದಿ ಒದ್ದೆ ಮಾಡಿದ್ದು ಯಾರು?

“ನೋಡ್ರಿ ಇಲ್ಲಿ! ಮತ್ತ ಮಾಡ್ಯಾದ ನೋಡ್ರಿ ಈ ಹಲ್ಕಟ್ ಬೆಕ್ಕು!”

ಭಾಗ್ಯಾಳ ಆಯಿ, ಅಂದರೆ ಅಜ್ಜಿಯ ದನಿ ಓಣಿಯ ಆ ತುದಿಗೂ ಕೇಳಿಸುವಂತಿತ್ತು. ಬೆಳಿಗ್ಗೆ ಇನ್ನೂ ಯಾರ ಮನೆಯಲ್ಲೂ ಚಹಾ ಕುದಿದಿರಲಿಲ್ಲ. ಅಷ್ಟರಲ್ಲೇ ಆಯಿ ದಪ್ಪ ಕೌದಿಯನ್ನು ಅಂಗಳಕ್ಕೆ ಎಳೆದು ತಂದು ಹಗ್ಗದ ಮೇಲೆ ಎಸೆದಿದ್ದಳು. ಕೌದಿಯ ನಡುವೆ ದೊಡ್ಡ ಒದ್ದೆ ಕಲೆ.

ಬೈಗುಳ ತಿನ್ನಬೇಕಾದ ಜುಣಕಾ ಮಾತ್ರ ಪರಸಿಕಲ್ಲಿನ ಚಪ್ಪಡಿ ಹಾಸಿದ ಕಟ್ಟೆಯ ಮೇಲೆ ಕುಳಿತು, ಒಂದು ಕಾಲು ಮೇಲೆತ್ತಿಕೊಂಡು ಆರಾಮಾಗಿ ಮೈ ನೆಕ್ಕಿಕೊಳ್ಳುತ್ತಿತ್ತು. ಕಡಲೆಹಿಟ್ಟಿನ ಜುಣಕದ ಬಣ್ಣ ಅದರದು. ಅದಕ್ಕೇ ಆ ಹೆಸರು.

“ಸಂತೂ, ಇವತ್ತೇ ಇದನ್ನ ಚೀಲದಾಗ ಹಾಕ್ಕೊಂಡು ಹೋಗಿ ಕಾಗಿಣಾ ಹೊಳಿ ಆಚಿಗೆ ಬಿಟ್ಟು ಬಾ. ಇಲ್ಲಾಂದ್ರ ನಾ ಈ ಮನ್ಯಾಗ ಇರಂಗಿಲ್ಲ ನೋಡು!”

ಅಪ್ಪ ಸಂತೋಷಕುಮಾರ ಶಹಾಬಾದಿನಿಂದ ವಾಡಿಗೆ ಟಂಟಂ ಆಟೋ ಓಡಿಸುತ್ತಾನೆ. ಬಾಯಿ ತುಂಬ ಪೇಸ್ಟಿನ ನೊರೆ ಇದ್ದುದರಿಂದ ಅವನು ಬ್ರಶ್ ಅಲ್ಲಾಡಿಸಿ ‘ಹ್ಞೂ’ ಎಂದ. ಬೆಳಿಗ್ಗೆ ಬೆಳಿಗ್ಗೆ ತನ್ನ ತಾಯಿಯ ಜೊತೆ ವಾದ ಮಾಡುವಷ್ಟು ಧೈರ್ಯ ಅವನಿಗೆ ಯಾವತ್ತೂ ಇರಲಿಲ್ಲ.

ಭಾಗ್ಯಾ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳುತ್ತಿದ್ದಳು. ಅವಳು ಮನೆಯ ಒಬ್ಬಳೇ ಮಗಳು, ಐದನೇ ಕ್ಲಾಸು. ಕೌದಿ ಒದ್ದೆ ಮಾಡಿದ್ದು ಜುಣಕಾ ಅಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮಾಡಿದ್ದು ಅವಳೇ.

ಭಾಗ್ಯಾ ಮತ್ತು ಆಯಿ ಒಂದೇ ಕೌದಿಯಲ್ಲಿ ಮಲಗುವವರು. ಮೊದಲ ಸಲ ಹೀಗಾದಾಗ ಭಾಗ್ಯಾ ಗಾಬರಿಯಾಗಿ ಎದ್ದು ಕುಳಿತಿದ್ದಳು. ಏನು ಹೇಳುವುದೆಂದು ಯೋಚಿಸುವ ಮೊದಲೇ ಆಯಿ, “ಅಯ್ಯ, ಬೆಕ್ಕು ಉಚ್ಚಿ ಹೊಯ್ದದ!” ಎಂದುಬಿಟ್ಟಳು. ಸುಳ್ಳು ಹೇಳುವ ಕಷ್ಟವೂ ಇಲ್ಲ, ಸುಮ್ಮನಿದ್ದರೆ ಸಾಕು. ಭಾಗ್ಯಾ ಸುಮ್ಮನಿದ್ದಳು.

ಆಮೇಲೂ ಹಾಗೇ ಆಗುತ್ತ ಹೋಯಿತು. ಒಮ್ಮೊಮ್ಮೆ ಕೌದಿ ಒದ್ದೆಯಾಗಿದ್ದರೂ ಅವಳ ಫ್ರಾಕು ಒಣಗಿಯೇ ಇರುತ್ತಿತ್ತು. ‘ಫ್ಯಾನಿನ ಗಾಳಿಗೆ ಒಣಗಿರಬೇಕು’ ಎಂದುಕೊಂಡಳು.

ಹಗಲಲ್ಲೂ ಅವಳಿಗೆ ಸುಖವಿರಲಿಲ್ಲ. ಒಂದಕ್ಕೆ ಹೋದರೆ ಉರಿ. ಬರುತ್ತಿದ್ದುದು ನಾಲ್ಕೇ ಹನಿ. ಹೋಗಿ ಬಂದು ಕೂತರೆ ಮತ್ತೆ ಅವಸರ. ಶಾಲೆಯ ಬಾತ್‌ರೂಮಿನ ಚಿಲಕ ಕಿತ್ತುಹೋಗಿತ್ತು. ಒಂದು ಸಲ ಯಾರೋ ಬಾಗಿಲು ತಳ್ಳಿದ ಮೇಲೆ ಭಾಗ್ಯಾ ಆ ಕಡೆ ತಲೆ ಹಾಕಿರಲಿಲ್ಲ. ಸಂಜೆ ಮನೆಗೆ ಬರುವವರೆಗೂ ಹಲ್ಲು ಕಚ್ಚಿ ತಡೆದುಕೊಳ್ಳುತ್ತಿದ್ದಳು. ನೀರು ಕುಡಿದರಲ್ಲವೇ ತೊಂದರೆ? ಅವ್ವ ತುಂಬಿಸಿ ಕೊಟ್ಟ ಬಾಟಲಿಯ ನೀರನ್ನು ದಿನಾ ಶಾಲೆಯ ಬೇವಿನ ಗಿಡಕ್ಕೆ ಸುರಿದು ಬರುತ್ತಿದ್ದಳು. ಗಿಡ ಭರ್ಜರಿಯಾಗಿ ಚಿಗುರಿತ್ತು.

“ಹೊಳಿ ಆಚಿಗೆ ಏನೂ ಬ್ಯಾಡ,” ಅವ್ವ ಉಮಾದೇವಿ ಒಳಗಿನಿಂದ ಬಂದಳು. “ಪಾಪ, ಮೂಕ ಪ್ರಾಣಿ. ಅದಕ್ಕೇನು ಬ್ಯಾನಿ ಅದನೋ ಏನೋ. ಮೊದಲ ದನದ ದವಾಖಾನಿಗೆ ಒಯ್ದು ತೋರಸ್ರಿ.”

“ಬೆಕ್ಕಿಗಿ ಡಾಕ್ಟರ್!” ಆಯಿ ಮೂಗು ಮುರಿದಳು. “ನಾಳಿ ಇಲಿಗೂ ತೋರಸ್ರಿ.”

ಅಪ್ಪ ಬಾಯಿ ಮುಕ್ಕಳಿಸಿ ಪಂಚಾಯ್ತಿ ಮುಗಿಸಿದ. “ತೋರಸ್ತೀನಿ. ಬ್ಯಾನಿ ಇದ್ರ ಔಷಧ. ಚಟ ಅಂದ್ರ ಗುಂಡಗುರ್ತಿಯೊಳಗ ಅಕ್ಕನ ಮನಿಗೆ ಬಿಟ್ಟು ಬರ್ತೀನಿ. ಅಲ್ಲಿ ಇಲಿ ಭಾಳ ಅವ.”

ಅವತ್ತು ಶನಿವಾರ, ಶಾಲೆ ಅರ್ಧ ದಿನ. ಮಧ್ಯಾಹ್ನ ಜುಣಕಾ ಬುಟ್ಟಿಯಲ್ಲಿ ಕುಳಿತು, ಮೇಲೆ ಅವ್ವನ ಹಳೇ ಸೀರೆ ಹೊದ್ದು, ಟಂಟಂ ಹತ್ತಿತು. ಬುಟ್ಟಿಯ ಪಕ್ಕದಲ್ಲಿ ಅದು ಹಾಲು ಕುಡಿಯುವ ತಟ್ಟೆಯೂ ಇತ್ತು. ಇಟ್ಟವಳು ಆಯಿ. ಬೆಕ್ಕು ವಾಪಸ್ಸು ಬರುವುದಿಲ್ಲ ಎಂದು ಅವಳಾಗಲೇ ತೀರ್ಮಾನಿಸಿದ್ದಳು. ಆ ತಟ್ಟೆ ನೋಡಿ ಭಾಗ್ಯಾಳಿಗೆ ಅಳು ಬಂತು. ಆದರೂ ಬಾಯಿ ಬಿಡಲಿಲ್ಲ. ‘ಹಾಸಿಗ್ಯಾಗ ಉಚ್ಚಿ ಹೊಯ್ಕೊಳ್ಳಾಕಿ’ ಎಂದು ಓಣಿಯೆಲ್ಲ ಕರೆದರೆ? ಕ್ಲಾಸಿಗೆ ಗೊತ್ತಾದರೆ? ಮುಖ ಎಲ್ಲಿ ಇಟ್ಟುಕೊಳ್ಳುವುದು?

ದನದ ದವಾಖಾನೆಯಲ್ಲಿ ಒಂದು ಎಮ್ಮೆ, ಎರಡು ಆಡು, ಆಮೇಲೆ ಜುಣಕಾನ ಪಾಳಿ. ಡಾಕ್ಟರ್ ಆನಂದಕುಮಾರ ಬೆಕ್ಕನ್ನು ಮೇಜಿನ ಮೇಲೆ ನಿಲ್ಲಿಸಿ ಮೆಲ್ಲಗೆ ಹೊಟ್ಟೆ ಒತ್ತಿ ನೋಡಿದರು.

“ಪದೇ ಪದೇ ಹೋಗ್ತದೇನು?”

ಅಪ್ಪ ಭಾಗ್ಯಾಳ ಮುಖ ನೋಡಿದ. ಬೆಕ್ಕಿನ ವಕೀಲಿ ಅವಳದೇ ತಾನೆ.

“ಹ್ಞೂ ರಿ,” ಎಂದಳು ಭಾಗ್ಯಾ. ಬೆಕ್ಕಿಗೆ ದೊಡ್ಡ ಬ್ಯಾನಿ ಅಂತ ಆದರೆ ಅದು ಮನೆಯಲ್ಲೇ ಉಳಿಯುತ್ತದಲ್ಲ! “ಹೋಗಿ ಬಂದ ಕೂಡ್ಲೇ ಮತ್ತ ಅವಸರ ಆಗ್ತದ.”

“ಎಷ್ಟು ಬರ್ತದ?”

“ನಾಕೇ ಹನಿ.”

“ನೀರು ಚಂದಂಗ ಕುಡೀತದ?”

“ಇಲ್ರಿ. ಕುಡದ್ರ ಮತ್ತ ಹೋಗಬೇಕಾಗ್ತದಲ್ರಿ.”

ಹೊಟ್ಟೆ ಒತ್ತುತ್ತಿದ್ದ ಡಾಕ್ಟರ ಕೈ ನಿಂತಿತು. “ಉರಿ ಆಗ್ತದೇನು?”

“ಭಾಳ ಉರೀತದ್ರಿ. ಖಾರ ಹಚ್ಚಿದಂಗ.”

“ಹೌದಾ? ಹಂಗಂತ ಬೆಕ್ಕು ನಿನ್ನ ಮುಂದ ಹೇಳಿತೇನು?”

ಭಾಗ್ಯಾ ತುಟಿ ಕಚ್ಚಿಕೊಂಡಳು. ಹೊರಗೆ ಎಮ್ಮೆ ‘ಅಂಬಾ’ ಎಂದಿತು.

ಡಾಕ್ಟರು ಅವಳನ್ನು ಇನ್ನೇನೂ ಕೇಳಲಿಲ್ಲ. ಅಪ್ಪನ ಕಡೆ ತಿರುಗಿದರು. “ಗಂಡು ಬೆಕ್ಕಿಗೆ ಉಚ್ಚಿ ಕಟ್ಟಿದ್ರ ಅದು ಮ್ಯಾಲಿಂದ ಮ್ಯಾಲ ಕುಂದರ್ತದ, ಒದರ್ತದ, ಊಟ ಬಿಡ್ತದ. ಹಂಗೇನರ ಕಂಡ್ರ ಒಂದು ದಿನಾನೂ ತಡಾ ಮಾಡಬ್ಯಾಡ್ರಿ, ಓಡಿ ಬರ್ರಿ. ಜೀವಕ್ಕ ಕುತ್ತು ಅದು. ಆದ್ರ ಇದಕ್ಕೇನೂ ಆಗಿಲ್ಲ. ಗಟ್ಟಿಮುಟ್ಟ ಅದ.”

“ಹಂಗಾರ ಇದು ಚಟಾನೇ!” ಅಪ್ಪ ಬುಟ್ಟಿ ಎತ್ತಿಕೊಂಡ. “ನಡೀ ಭಾಗ್ಯಾ, ಗುಂಡಗುರ್ತಿಗೆ ಹೋಗೂಣು.”

ಟಂಟಂ ಶುರುವಾಯಿತು. ಬುಟ್ಟಿಯೊಳಗಿಂದ ಜುಣಕಾ ತಲೆ ಹೊರಗೆ ಹಾಕಿ, ಭಾಗ್ಯಾಳ ಮೊಣಕೈ ಮೇಲೆ ಗದ್ದ ಊರಿ ರಸ್ತೆ ನೋಡತೊಡಗಿತು. ಅದಕ್ಕೇನು ಗೊತ್ತು? ಜಾತ್ರೆಗೆ ಹೊರಟಂತೆ ಖುಷಿಯಾಗಿತ್ತು. ಮನೆಯ ಕಡೆ ತಿರುಗುವ ದಾರಿ ಹಿಂದೆ ಸರಿಯಿತು.

“ಅಪ್ಪ, ಗಾಡಿ ನಿಲ್ಸು.”

“ಯಾಕ?”

“ಒಂದಕ್ಕ ಬಂದದ.”

“ಈಗರೆ ದವಾಖಾನ್ಯಾಗ ಹೋಗಿ ಬಂದ್ಯಲ್ಲ!”

“ಅದೇ ಅಪ್ಪ. ಅದನ್ನೇ ಹೇಳಲಿಕತ್ತೀನಿ.” ಭಾಗ್ಯಾ ಬೆಕ್ಕಿನ ಬುಟ್ಟಿಯನ್ನು ಅಪ್ಪಿಕೊಂಡಳು. “ಉರಿಯೋದು ನನಗ. ಕೌದಿ ಒದ್ದಿ ಮಾಡ್ದಾಕಿನೂ ನಾನೇ. ಜುಣಕಾಂದು ಏನೂ ತಪ್ಪಿಲ್ಲ.”

ಅಪ್ಪ ಇಂಜಿನ್ ಆರಿಸಿದ. ಹಿಂದೆ ತಿರುಗಿ ಮಗಳನ್ನು ನೋಡಿದ, ಆಮೇಲೆ ಬೆಕ್ಕನ್ನು ನೋಡಿದ. ಈಗ ಬಿತ್ತು ಏಟು ಎಂದು ಭಾಗ್ಯಾ ಕಣ್ಣು ಮುಚ್ಚಿಕೊಂಡಳು. ಆದರೆ ತಲೆಯ ಮೇಲೆ ಬಿದ್ದದ್ದು ಅಪ್ಪನ ಅಂಗೈ, ಅದೂ ಮೆಲ್ಲಗೆ.

“ಹುಚ್ಚಿ! ಇಷ್ಟು ದಿನ ಬ್ಯಾನಿ ಒಬ್ಬಾಕೀನೇ ತಿಂದೆಲ್ಲ. ನಮಗೊಂದು ಮಾತು ಹೇಳಬಾರದಾ?”

ಟಂಟಂ ಹೊರಳಿ ಮನುಷ್ಯರ ದವಾಖಾನೆಗೆ ಹೋಯಿತು. ಅಲ್ಲಿ ಡಾಕ್ಟರ್ ಫರಹತ ಮೇಡಂ ಉಚ್ಚೆ ಪರೀಕ್ಷೆ ಮಾಡಿಸಿದರು. “ಇನ್‌ಫೆಕ್ಷನ್ ಆಗ್ಯಾದ. ಔಷಧ ತಗೊಂಡ್ರ ಹೋಗ್ತದ, ಅಂಜಬ್ಯಾಡ,” ಎಂದರು. “ಶಾಲ್ಯಾಗ ತಡಕೊಂಡು ಕೂಡ್ತೀಯೇನು? ನೀರು ಕುಡಿಯಂಗಿಲ್ಲಾ?” ಬೇವಿನ ಗಿಡದ ಕತೆ ಕೇಳಿ ನಕ್ಕರು. “ಇನ್ನ ಮ್ಯಾಲ ಆ ನೀರು ನಿನ್ನ ಹೊಟ್ಟಿಗೆ ಹೋಗಲಿ. ಬಂದಾಗ ತಡೀಬ್ಯಾಡ. ಉರಿ ನಿಂತದಂತ ಔಷಧ ನಡುವ ಬಿಡಬ್ಯಾಡ. ಎಲ್ಲಾ ಮುಗಿಸಿ ಇನ್ನೊಮ್ಮಿ ಬಂದು ತೋರಸು.”

ಬುಟ್ಟಿ, ಬೆಕ್ಕು, ತಟ್ಟೆ ಎಲ್ಲ ಮನೆಗೆ ವಾಪಸ್ಸು ಬಂದವು. ಭಾಗ್ಯಾ ಆಯಿಯ ಮುಂದೆ ನಿಂತು ಎಲ್ಲ ಹೇಳಿದಳು. ಬೈಗುಳದ ಮಳೆಗೆ ತಯಾರಾಗಿಯೇ ಇದ್ದಳು.

ಆಯಿ ಬೈಯಲಿಲ್ಲ. “ಎಲ್ಲಾ ಸಲಾನೂ ನೀನೇ ಏನು?” ಎಂದು ಕೇಳಿದಳು.

“ಹ್ಞೂ ಆಯಿ.”

 ಆಯಿ ಗಡಬಡಿಸಿ ಎದ್ದು, ಒಣಗಿದ ಕೌದಿ ಮಡಚತೊಡಗಿದಳು. ರಾತ್ರಿ ಊಟದ ಹೊತ್ತಿಗೆ ಜುಣಕಾನ ತಟ್ಟೆಗೆ ಕೆನೆ ಹಾಲು ಬಿತ್ತು. ಹಾಕಿದವಳು ಆಯಿಯೇ.

ಸೋಮವಾರ ಅವ್ವ ಶಾಲೆಗೆ ಹೋಗಿ ಹೆಡ್‌ಮೇಡಂ ಜೊತೆ ಮಾತಾಡಿದಳು. ಬಾತ್‌ರೂಮಿಗೆ ಹೊಸ ಚಿಲಕ ಬಂತು. ಬೇವಿನ ಗಿಡಕ್ಕೆ ಭಾಗ್ಯಾಳ ನೀರು ನಿಂತಿತು. ಉರಿ ಕಡಿಮೆಯಾಯಿತು. ರಾತ್ರಿ ಅವಳು ಹಾಯಾಗಿ ಮಲಗತೊಡಗಿದಳು, ಬೆಳಿಗ್ಗೆ ಒಣ ಫ್ರಾಕಿನಲ್ಲಿ ಏಳತೊಡಗಿದಳು.

ಆಯಿಗೆ ಮಾತ್ರ ಆ ವಾರ ನೆಗಡಿ, ಕೆಮ್ಮು. ಒಂದು ಬೆಳಿಗ್ಗೆ ಭಾಗ್ಯಾ ಕಣ್ಣು ಬಿಟ್ಟರೆ ಪಕ್ಕದಲ್ಲಿ ಆಯಿ ಇಲ್ಲ. ಕೈಗೆ ತಣ್ಣಗೆ ತಾಗಿತು. ಕೌದಿ ಒದ್ದೆ! ಭಾಗ್ಯಾ ಹೌಹಾರಿ ಫ್ರಾಕು ಮುಟ್ಟಿ ನೋಡಿದಳು. ಒಣಗಿತ್ತು. ತಾನು ಮಲಗಿದ್ದ ಜಾಗವೂ ಒಣಗಿತ್ತು. ಒದ್ದೆಯಾದದ್ದು ಆಯಿಯ ಕಡೆ.

ಬಚ್ಚಲಲ್ಲಿ ಸದ್ದಾಯಿತು. ಆಯಿ ಬಗ್ಗಿ ತನ್ನ ಸೀರೆಯನ್ನು ಗುಟ್ಟಾಗಿ ಹಿಂಡುತ್ತಿದ್ದಳು. ಭಾಗ್ಯಾಳನ್ನು ಕಂಡು ಗಕ್ಕನೆ ನೆಟ್ಟಗಾದಳು.

“ಬೆಕ್ಕು... ಆ ಬೆಕ್ಕು ಮತ್ತ...”

ಮಾತು ಅಲ್ಲೇ ನಿಂತಿತು. ರಾತ್ರಿಯೆಲ್ಲ ಅವ್ವನ ಕಾಲ ಬಳಿ ಮಲಗಿದ್ದ ಜುಣಕಾ ಆಗಷ್ಟೇ ಒಳಕೋಣೆಯಿಂದ ಆಕಳಿಸುತ್ತ ಹೊರಗೆ ಬರುತ್ತಿತ್ತು.

ಆಯಿಯ ಮುಖ ಸಣ್ಣದಾಯಿತು. ಓಣಿಗೆಲ್ಲ ಕೇಳುವಂತೆ ಕೂಗುವ ಆಯಿ ಈಗ ಪಿಸುಗುಟ್ಟಿದಳು. “ಕೆಮ್ಮಿದ್ರ ತಡಿಯಂಗಿಲ್ಲ ಮಗಾ. ನಕ್ಕರೂ ಅಷ್ಟೇ. ಭಾಳ ದಿನ ಆಯ್ತು. ಯಾರ ಮುಂದ ಹೇಳ್ಕೊಳ್ಳಲಿ?”

ಭಾಗ್ಯಾಳಿಗೆ ಒಂದೊಂದೇ ಹೊಳೆಯಿತು. ಆಯಿ ಸಂಜೆ ಚಹಾ ಬಿಟ್ಟದ್ದು, ಸೋಮವಾರದ ಭಜನೆಗೆ ಹೋಗದೆ ಮೊಣಕಾಲು ನೋವೆಂದು ಕೂತದ್ದು, ಬೆಕ್ಕನ್ನು ಎಲ್ಲರಿಗಿಂತ ಜೋರಾಗಿ ಬೈದದ್ದು. ತನ್ನ ಹಾಗೆಯೇ ಆಯಿಯೂ ಹೆದರಿದ್ದಳು.

“ಅಂದ್ರ ಆಯಿ, ನಾವಿಬ್ಬರೂ ಕೂಡಿ ತಪ್ಪು ಈ ಜುಣಕಾನ ಮ್ಯಾಲ ಹಾಕಲಿಕತ್ತಿದ್ದೆವು!”

ಆಯಿಯ ಹೊಟ್ಟೆಯಿಂದ ನಗು ಉಕ್ಕಿ ಬಂತು. ಅವಳು ಗೋಡೆ ಹಿಡಿದುಕೊಂಡು, “ಏ, ನಗಸಬ್ಯಾಡ ಹುಡುಗಿ, ನಗಸಬ್ಯಾಡ!” ಎಂದು ಕೈಮುಗಿದಳು.

ಔಷಧ ಮುಗಿಯಿತು. ದವಾಖಾನೆಗೆ ಹೋಗುವ ದಿನ ಭಾಗ್ಯಾ, “ಆಯಿ ಬಂದ್ರೇ ನಾ ಹೋಗ್ತೀನಿ. ನನಗ ಅಂಜಿಕಿ ಬರ್ತದ,” ಎಂದು ಹಟ ಹಿಡಿದಳು. ಅವ್ವನಿಗೆ ಆಶ್ಚರ್ಯವಾಯಿತು. ಆಯಿ ಮಾತ್ರ ಮೊಮ್ಮಗಳನ್ನು ಓರೆಗಣ್ಣಿನಿಂದ ನೋಡಿ, ಸುಮ್ಮನೆ ಸೀರೆ ಬದಲಿಸಿ ಟಂಟಂ ಹತ್ತಿದಳು.

ಫರಹತ ಮೇಡಂ ಭಾಗ್ಯಾಳ ರಿಪೋರ್ಟು ನೋಡಿ, “ಪೂರಾ ಆರಾಮಾಗ್ಯಾದ!” ಎಂದರು.

“ಮೇಡಂ, ನಮ್ಮ ಆಯಿ ನಿಮ್ಮ ಜೋಡಿ ಮಾತಾಡಬೇಕಂತ್ರಿ,” ಎಂದಷ್ಟೇ ಹೇಳಿ ಭಾಗ್ಯಾ ಹೊರಗೆ ಬಂದು ಬಾಗಿಲು ಎಳೆದುಕೊಂಡಳು.

ಹೊರಗಿನ ಬೆಂಚಿನ ತುಂಬ ಜನ. ಅಷ್ಟರಲ್ಲಿ ಸಾಬಮ್ಮ ಬಂದಳು. ಆಯಿಯ ಭಜನೆಯ ಗೆಳತಿ, ಕಂಚಿನ ಗಂಟೆಯಂಥ ದನಿ.

“ಏ ಭಾಗ್ಯಾ! ನಿಮ್ಮ ಆಯಿ ಗುರುದೇವಿ ಒಳಗ ಹೋದಂಗಾಯ್ತು? ಏನಾಗ್ಯಾದ ಆಕಿಗಿ?”

ಬೆಂಚಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.  ಬಾಗಿಲ ಆಚೆ ಆಯಿಯ ದನಿ ಗಪ್ಪನೆ ನಿಂತಿತ್ತು.

“ಆಯಿಗಲ್ರಿ, ನನಗ,” ಎಂದಳು ಭಾಗ್ಯಾ, ಎಲ್ಲರಿಗೂ ಕೇಳುವ ಹಾಗೆ. “ಹಾಸಿಗ್ಯಾಗ ಉಚ್ಚಿ ಹೊಯ್ಕೊಳ್ತಿದ್ದೆ. ಈಗ ಆರಾಮಾಗೀನಿ. ಆಯಿ ನನ್ನ ಜೋಡಿ ಬಂದಾಳ.”

ಯಾರೋ ಒಬ್ಬರು ಕಿಸಕ್ಕೆಂದರು. ಅಷ್ಟೇ. ಆಕಾಶವೇನೂ ಕಳಚಿ ಬೀಳಲಿಲ್ಲ. ಒಳಗೆ ಆಯಿಯ ಮಾತು ಮತ್ತೆ ಶುರುವಾಯಿತು.

ಸಾಬಮ್ಮ ನಗಲಿಲ್ಲ. ಆ ಕಡೆ ಈ ಕಡೆ ನೋಡಿ, ಭಾಗ್ಯಾಳ ಕಿವಿಯ ಹತ್ತಿರ ಬಗ್ಗಿದಳು. ಗಂಟೆಯಂಥ ದನಿ ಈಗ ಸೊಳ್ಳೆಯಷ್ಟಾಗಿತ್ತು.

“ಅದಕ್ಕ ಔಷಧ ಅದ ಏನವ್ವಾ? ಈ ಡಾಕ್ಟರ್ ಬೈಯಂಗಿಲ್ಲೇನು?”

ಯಾರಿಗೆ ಎಂದು ಭಾಗ್ಯಾ ಕೇಳಲಿಲ್ಲ.

“ಬೈಯಂಗಿಲ್ರಿ. ಭಾಳ ಚಲೋ ಅದಾರ,” ಎಂದು ಬೆಂಚಿನ ಮೇಲೆ ಸರಿದು ಜಾಗ ಮಾಡಿದಳು. “ಇಲ್ಲೇ ಕುಂದ್ರಿ. ಆಯಿ ಬಂದ ಮ್ಯಾಲ ನಿಮ್ಮ ಪಾಳಿ.”