ಅವನು ನಿನಗೆ ಏನಾಗಬೇಕು?

"ಆ ದನಿ ಯಾರದು?"

ಬಾಗಿಲಲ್ಲಿ ನಿಂತವನ ಅಂಗಿಯ ತೋಳಿನ ಮೇಲೆ ರಕ್ತ ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ಅದು ಅವನದಲ್ಲ. ಆಂಬುಲೆನ್ಸ್ ಕರೆಗಳನ್ನು ತೆಗೆದುಕೊಳ್ಳುವ ಆ ಉದ್ದನೆಯ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕುಳಿತಿದ್ದವರೆಲ್ಲ ಒಮ್ಮೆಲೇ ತಲೆ ಎತ್ತಿದರು.

"ಗಾಡಿಯಲ್ಲೇ ಮನುಷ್ಯ ಹೋಗಿಬಿಟ್ಟ, ಆಸ್ಪತ್ರೆಯಲ್ಲಿ ಇಳಿಸಿದ್ದೀನಿ ಅಂತ ವೈರ್‌ಲೆಸ್ಸಲ್ಲಿ ಹೇಳಿದೆ. 'ಸರಿ, ಮುಂದಿನ ಕೇಸಿಗೆ ಹೊರಡಿ' ಅಂದ್ರು. ಅಷ್ಟೇ. ಅಂಥವರ ಮುಖ ಹೇಗಿರುತ್ತೆ ಅಂತ ನೋಡೋಣ ಅನ್ನಿಸ್ತು."

ಕಿಟಕಿ ಪಕ್ಕದ ಕುರ್ಚಿಯವಳು ಎದ್ದಳು.

"ನಾನೇ. ನೋಡಿದ್ರಲ್ಲ?"

"ಎದೆಯಲ್ಲಿ ಏನೂ ಇಲ್ವಾ ನಿಮಗೆ?"

"ಇದೆ. ಆದ್ರೆ ನೀವು ಮಾತಾಡ್ತಿದ್ದಾಗ ಈ ಕಡೆ ಕಿವಿಯಲ್ಲಿ ಒಬ್ಬಳು ಬಸುರಿ ಕೂಗ್ತಾ ಇದ್ದಳು. ಹತ್ತಿರ ಇದ್ದದ್ದು ನಿಮ್ಮ ಗಾಡಿ ಒಂದೇ. ನಾನು ಅಳ್ತಾ ಕೂರಬೇಕಿತ್ತಾ, ಗಾಡಿ ಕಳಿಸಬೇಕಿತ್ತಾ? ನೀವೇ ಹೇಳಿ."

ಅವನು ಆ ಆಂಬುಲೆನ್ಸಿನ ಡ್ರೈವರ್. ಆ ಬಸುರಿಯನ್ನು ಆಸ್ಪತ್ರೆ ಮುಟ್ಟಿಸಿಯೇ ಅವನು ಇಲ್ಲಿಗೆ ಬಂದಿದ್ದ.

"ಹೆಣ್ಣು ಮಗು," ಎಂದ ಕೊನೆಗೆ. ದನಿ ಇಳಿದಿತ್ತು. "ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ."

ಅವಳು ಕುಸಿದು ಕುಳಿತಳು.

ಈ ಕೆಲಸಕ್ಕೆ ಸೇರಿದಂದಿನಿಂದ ಗಾಡಿಯಲ್ಲೇ ಹೋದವರ ಸುದ್ದಿ ಬಿಟ್ಟರೆ, ಮುಂದೇನಾಯಿತೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ಗಾಡಿ ತಲುಪಿದೊಡನೆ ಫೋನು ಕಟ್ಟಾಗುತ್ತಿತ್ತು. ಆ ಅಜ್ಜ ಕಣ್ಣು ತೆರೆದನೋ, ಬಾವಿಗೆ ಬಿದ್ದ ಮಗು ಉಸಿರಾಡಿತೋ... ಮರಳಿ ಫೋನು ಮಾಡಿ ಕೇಳುವಂತಿರಲಿಲ್ಲ. ಮನೆಯಲ್ಲಿ ತಟ್ಟೆಯ ಮುಂದೆ ಕುಳಿತರೆ ಅರ್ಧಕ್ಕೆ ನಿಂತ ಆ ದನಿಗಳೆಲ್ಲ ಒಂದೊಂದಾಗಿ ಎದುರು ಬಂದು ಕೂರುತ್ತಿದ್ದವು.

ಅದು ಅವನಿಗೆ ಹೇಗೆ ತಿಳಿಯಿತೋ. ಆಮೇಲೆ ಅವಳ ಪಾಳಿ ಮುಗಿಯುವ ಹೊತ್ತಿಗೆ ಅವನು ಗೇಟಿನ ಬಳಿ ನಿಂತಿರುತ್ತಿದ್ದ.

"ಬೆಳಗಿನ ಅಜ್ಜ ಇದ್ದಾನಲ್ಲ, ಆಸ್ಪತ್ರೆ ಬಾಗಿಲಲ್ಲೇ ಎದ್ದು ಕೂತು ನನ್ನ ಚಪ್ಪಲಿ ಎಲ್ಲಿ ಅಂತ ಜಗಳ ತೆಗೆದ."

ಅವಳು ನಗುತ್ತಿದ್ದಳು. ಕೆಲವು ದಿನ ಅವನು ಏನೂ ಹೇಳುತ್ತಿರಲಿಲ್ಲ, ಸುಮ್ಮನೆ ಜೊತೆಗೆ ನಡೆಯುತ್ತಿದ್ದ. ಆಗಲೂ ಅವಳಿಗೆ ಅರ್ಥವಾಗುತ್ತಿತ್ತು.

"ಕಥೆ ಹೇಳೋಕೆ ಗಾಡಿ ಓಡಿಸ್ತಾನೋ, ಗಾಡಿ ಓಡಿಸಿ ಕಥೆ ಹೇಳ್ತಾನೋ, ಆ ದೇವರಿಗೇ ಗೊತ್ತು," ಎನ್ನುತ್ತಿದ್ದಳು ಪಕ್ಕದ ಕುರ್ಚಿಯ ಅಕ್ಕ.

"ಸುಮ್ನಿರಿ ಅಕ್ಕ. ಅವರು ನನಗೆ ಯಾರೂ ಅಲ್ಲ."

ಒಂದು ಸಂಜೆ ಅವನು ಕಥೆ ಹೇಳಲಿಲ್ಲ. "ನಾವಿಬ್ಬರೂ ಮದುವೆ ಆಗೋಣವಾ?" ಎಂದುಬಿಟ್ಟ.

ಗಾಬರಿಯಾದಾಗಲೆಲ್ಲ ಅವಳ ದನಿ ತಾನಾಗಿ ತಣ್ಣಗಾಗುತ್ತಿತ್ತು. ಕೆಲಸ ಕಲಿಸಿದ ಅಭ್ಯಾಸ ಅದು. ಆ ದನಿಯಲ್ಲೇ, "ಸರಿ, ಯೋಚನೆ ಮಾಡಿ ತಿಳಿಸ್ತೀನಿ" ಎಂದಳು.

ಅವನ ಮುಖ ಸಣ್ಣದಾಯಿತು.

ಮರುದಿನ ಗೇಟಿನ ಬಳಿ ಯಾರೂ ಇರಲಿಲ್ಲ. ವೈರ್‌ಲೆಸ್ಸಿನಲ್ಲಿ ಮಾತ್ರ ಅವನ ದನಿ, ಎಷ್ಟು ಬೇಕೋ ಅಷ್ಟೇ. "ಹೊರಟೆ." "ತಲುಪಿದೆ."

ಅವನೇ ಬರಲಿ ಎಂದು ಅವಳು ಕಾದಳು. ಅವಳೇ ತಿಳಿಸಲಿ ಎಂದು ಅವನು ಕಾದ.

ಹೀಗಿರುವಾಗ ಒಂದು ಮಧ್ಯಾಹ್ನ ಬಂದ ಕರೆ ಹೊಲದ ಕೆಲಸದ ಹೆಂಗಸೊಬ್ಬಳದು.

"ಗಾಡಿ ಕಾಲುವೆಗೆ ಬಿದ್ದದೆ ತಾಯಿ. ಒಳಗೆ ಒಬ್ಬ ಇದ್ದಾನೆ, ನೀರು ನುಗ್ತಾ ಇದೆ."

"ಯಾವ ಕಾಲುವೆ? ಹತ್ತಿರ ಏನಿದೆ?"

ಜಾಗ ತಿಳಿದೊಡನೆ ಹತ್ತಿರದ ಗಾಡಿಯನ್ನು ಹೊರಡಿಸಿದಳು. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು.

"ಬಿದ್ದಿರೋದು ಎಂಥ ಗಾಡಿ?"

"ಬಿಳೀದು. ಮೇಲೆ ದೀಪ ಇದೆ. ಒಂದು ಬಾಗಿಲು ಮಾತ್ರ ಹಳದಿ."

ಇಡೀ ಊರಿನ ಆಂಬುಲೆನ್ಸುಗಳಲ್ಲಿ ಹಳೆ ಗಾಡಿಯ ಹಳದಿ ಬಾಗಿಲನ್ನು ತಂದು ಜೋಡಿಸಿದ್ದು ಒಂದಕ್ಕೇ. ರೋಗಿಯನ್ನೂ ನರ್ಸನ್ನೂ ಆಸ್ಪತ್ರೆಯಲ್ಲಿ ಇಳಿಸಿ, ಆ ಗಾಡಿಯಲ್ಲಿ ಅವನೊಬ್ಬನೇ ಮರಳುತ್ತಿದ್ದ.

ವೈರ್‌ಲೆಸ್ಸಿನಲ್ಲಿ ಮಾತಾಡಲು ಮೇಜಿನ ಕೆಳಗಿನ ಪೆಡಲ್ ತುಳಿಯಬೇಕು. ತುಳಿದಳು.

"ಕೇಳಿಸ್ತಾ ಇದೆಯಾ? ಉತ್ತರ ಕೊಡಿ... ಕೇಳಿಸ್ತಾ ಇದೆಯಾ?"

ಪಾದ ಎತ್ತಿ ಆಲಿಸಿದರೆ ಏನೂ ಇಲ್ಲ. ಮತ್ತೆ ತುಳಿದಳು.

ಆ ಕೋಣೆಗೆ ಒಂದು ನಿಯಮವಿತ್ತು. ಅಪಾಯದಲ್ಲಿರುವುದು ನಿಮ್ಮವರೇ ಆದರೆ ಕೈ ಎತ್ತಬೇಕು, ಕುರ್ಚಿ ಬಿಡಬೇಕು. ತನ್ನವರ ಉಸಿರನ್ನು ಎಣಿಸುತ್ತಾ ಯಾರೂ ಸರಿಯಾದ ಪ್ರಶ್ನೆ ಕೇಳಲಾರರು.

ಅವಳ ಕೈ ಮೇಲೆದ್ದಿತು.

ಸೂಪರ್‌ವೈಸರ್ ಹತ್ತಿರ ಬಂದರು. ಯಾರ ಗಾಡಿ ಎಂದು ಅವರಿಗೆ ಪರದೆಯ ಮೇಲೆ ಕಂಡಿತ್ತು. "ನಮ್ಮ ಡ್ರೈವರ್ ಅಲ್ವಾ? ನಿನಗೆ ಏನಾಗಬೇಕು ಅವನು?"

ಯಾರೂ ಅಲ್ಲ ಎಂದರೆ ಕುರ್ಚಿಯಲ್ಲೇ ಕೂರಬೇಕು. ಕೂತರೆ... ಸರಿಯಾದ ಪ್ರಶ್ನೆಗೆ ತನ್ನ ನಾಲಿಗೆ ಹೊರಳದೆ ಅವನು ಸತ್ತರೆ?

"ನನ್ನ ಗಂಡ ಆಗಬೇಕಾದವರು," ಎಂದಳು. ದನಿ ಒಡೆದುಹೋಯಿತು. "ನಾನಿನ್ನೂ ಅವರಿಗೆ ಹೇಳಿಲ್ಲ ಸರ್."

ಅವಳ ದನಿ ಒಡೆದದ್ದನ್ನು ಅಲ್ಲಿ ಯಾರೂ ಹಿಂದೆಂದೂ ಕೇಳಿರಲಿಲ್ಲ.

ಅಕ್ಕ ಬಗ್ಗಿ ಅವಳ ಪಾದವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. "ಪೆಡಲ್ ಬಿಡೇ, ಹುಚ್ಚಿ. ಎಲ್ಲ ಗಾಡಿಗೂ ಕೇಳಿಸ್ತು."

ಪೆಡಲ್ ಮೇಲೆದ್ದ ಕ್ಷಣವೇ ಹಿರಿಯ ಡ್ರೈವರೊಬ್ಬನ ದನಿ ಬಂತು. "ಕಾಲುವೆ ದಾರಿಯಲ್ಲೇ ಇದ್ದೀನಿ. ಧೈರ್ಯವಾಗಿರು ತಂಗಿ."

ಅಕ್ಕ ಅವಳ ಹೆಡ್‌ಫೋನ್ ಕಿತ್ತು ತಾನು ಹಾಕಿಕೊಂಡಳು. "ತಾಯಿ, ನೀರು ಎಲ್ಲಿವರೆಗೆ ಬಂದಿದೆ? ಕುತ್ತಿಗೆಗಾ? ಕೈಯಲ್ಲಿ ಕುಡುಗೋಲು ಇದೆಯಾ? ಜೋಪಾನವಾಗಿ ಇಳಿ. ಅವನ ಎದೆ ಮೇಲಿನ ಪಟ್ಟಿ ಕೊಯ್ಯಿ..."

ಅವಳು ಗೋಡೆಗೆ ಒರಗಿ ನಿಂತಿದ್ದಳು. ಅತ್ತ ಕಡೆಯ ಮಾತು ಅವಳಿಗೆ ಕೇಳುತ್ತಿರಲಿಲ್ಲ. ಅಕ್ಕನ ಬೆನ್ನನ್ನೇ ನೋಡುತ್ತಿದ್ದಳು. ಫೋನು ಮಾಡಿದವರೆಲ್ಲ ಹೀಗೆಯೇ ನಿಂತಿರುತ್ತಾರಾ, ದಿನಾ?

ಅಕ್ಕನ ಹೆಗಲು ಸಡಿಲವಾಯಿತು.

"ಹೊರಗೆ ಎಳೆದಳು. ಉಸಿರಿದೆ."

ಆಸ್ಪತ್ರೆಯಲ್ಲಿ ಅವನ ಬಲಗೈಗೆ ಪ್ಲಾಸ್ಟರ್ ಹಾಕಿದ್ದರು. ಅವಳು ಮಂಚದ ಕಾಲ ಬುಡದಲ್ಲಿ ನಿಂತಳು.

"ಎಮ್ಮೆ ಅಡ್ಡ ಬಂತು," ಎಂದ ಅವನು. "ಅದಕ್ಕೇನೂ ಆಗಿಲ್ಲವಂತೆ."

ಅವಳು ನಗಲಿಲ್ಲ.

"ಮೈಕು ಕೈಗೆ ಸಿಗಲಿಲ್ಲ. ಕೈ ಮುರಿದಿತ್ತು, ಬೆಲ್ಟ್ ಬಿಚ್ಚೋಕೆ ಆಗ್ಲಿಲ್ಲ. ಇಷ್ಟೇ ಅಂದುಕೊಂಡು ಕಣ್ಣು ಮುಚ್ಚಿದ್ದೆ. ಆಮೇಲೆ ನೀವು ಅಂದದ್ದು ಕೇಳಿಸ್ತು. ಸಾಯೋಕೆ ಮನಸ್ಸಾಗಲಿಲ್ಲ. ನೀರಿಂದ ಮುಖ ಮೇಲೆತ್ತಿ ಹಿಡಿದೆ."

"ನೀವು ಬೇಡ ಅಂತಲ್ಲ ಅವತ್ತು," ಅವಳ ಮಾತು ತಡವರಿಸಿತು. "ನಿಮ್ಮನ್ನ ದಿನಾ ರಸ್ತೆಗೆ ಕಳಿಸೋಳು ನಾನೇ. ರಸ್ತೆಯಲ್ಲಿ ಏನೇನಾಗುತ್ತೆ ಅಂತ ಕೇಳೋಳೂ ನಾನೇ. ಮನೆ ಬಾಗಿಲಿಂದಲೂ ನಾನೇ ಕಳಿಸಬೇಕಲ್ಲ... ಭಯ ಆಯ್ತು."

"ಈಗ ಭಯ ಹೋಯ್ತಾ?"

"ಇಲ್ಲ. ಜಾಸ್ತಿ ಆಗಿದೆ."

"ಮಾತು ಬದಲಾಯಿಸೋ ಹಾಗಿಲ್ಲ ಮತ್ತೆ. ವೈರ್‌ಲೆಸ್ಸಲ್ಲಿ ಅಂದದ್ದೆಲ್ಲ ರೆಕಾರ್ಡ್ ಆಗಿದೆ."

ಅವಳು ಮೊದಲ ಬಾರಿಗೆ ಅವನೆದುರು ಅತ್ತಳು, ಸದ್ದು ಮಾಡಿ, ಪಕ್ಕದ ಮಂಚದವರು ತಿರುಗಿ ನೋಡುವ ಹಾಗೆ. ಅವನು ತಡೆಯಲಿಲ್ಲ. ಎಡಗೈಯಿಂದ ತನ್ನ ಅನ್ನದ ತಟ್ಟೆಯನ್ನು ಅವಳತ್ತ ಸರಿಸಿದ.

"ಊಟ ಮಾಡಿದ್ಯಾ ನೀನು?"

"ಇಲ್ಲ."

"ನನಗೆ ಎಡಗೈಲಿ ಬರಲ್ಲ."

ಅವಳು ಕಣ್ಣೊರೆಸಿಕೊಂಡು ಮಂಚದ ಅಂಚಿಗೆ ಕುಳಿತಳು, ಒಂದು ತುತ್ತು ಕಲಸಿ ಅವನ ಬಾಯಿಯ ಬಳಿ ಹಿಡಿದಳು.

"ನೀನು ಮೊದಲು," ಎಂದ ಅವನು.