ಐದು ತೋಟ, ಒಂದು ಹಳ್ಳ

"ಮೇಡಂ, ನಿಮ್ ಪ್ಲಾನು ಮಾರ್ಚಲ್ಲಿ ಮಲಗ್ಬುಡ್ತೈತೆ!"

ಬೆಳಗೋಡಿನ ಪಂಚಾಯ್ತಿ ಸಭೆಯಲ್ಲಿ ಕೂತಿದ್ದವರ ತಲೆಗಳೆಲ್ಲ ಒಟ್ಟಿಗೆ ಹಿಂದಕ್ಕೆ ತಿರುಗಿದವು. ಬಾಗಿಲ ಬಳಿ ಒಬ್ಬ ಎತ್ತರದ ಯುವಕ ನಿಂತಿದ್ದ. ಅಂಗಿಯ ತುಂಬ ಡೀಸೆಲ್ ಕಲೆ.

ಹಾಸನದಿಂದ ಬಂದಿದ್ದ ಎಂಜಿನಿಯರ್ ರುಕ್ಸಾರ್‌ಗೆ ಮೈ ಉರಿದುಹೋಯಿತು. ಹೊಸಗದ್ದೆಯ ಅರವತ್ತು ಮನೆಗಳಿಗಾಗಿ ಅವಳು ತಿಂಗಳುಗಟ್ಟಲೆ ದುಡಿದಿದ್ದಳು. ಹಗಲು ಬಿಸಿಲಿನ ಕರೆಂಟು, ರಾತ್ರಿ ಹಳ್ಳದ ನೀರಿಗೆ ತಿರುಗುವ ಪುಟ್ಟ ಟರ್ಬೈನಿನ ಕರೆಂಟು. ಡೀಸೆಲ್ ಇಲ್ಲ, ಕಲ್ಲಿದ್ದಲು ಇಲ್ಲ. ರಾತ್ರಿ ಹಳ್ಳ ಹರಿದರೆ ಬ್ಯಾಟರಿ ಕಮ್ಮಿ ಸಾಕು, ದರ ಅಗ್ಗ. ಹರಿಯದಿದ್ದರೆ ಬ್ಯಾಟರಿಗಳ ರಾಶಿ ಬೇಕು, ಆಗ ಬಡವರ ಮನೆಗಳು ಹೊರಗುಳಿಯುತ್ತವೆ. ಸೋಮವಾರ ಪ್ಲಾನ್ ಒಪ್ಪಿಸಬೇಕು. ಇವನು ಯಾರು, ಈಗ ಬಂದು ಅಪಶಕುನ ನುಡಿಯುವುದಕ್ಕೆ!

"ಅಕ್ಟೋಬರಿಂದ ಜನವರಿವರೆಗೆ ನಾನೇ ನೀರು ಅಳೆದಿದ್ದೀನಿ. ಬೇಸಿಗೆಗೆ ಅಂತ ಅರ್ಧ ಕಳೆದೂ ಇದ್ದೀನಿ!"

"ಅರ್ಧ ಅಲ್ಲ ಮೇಡಂ... ಪೂರ್ತಿ ಕಳೀರಿ."

ಸಭೆ ನಕ್ಕಿತು. ಅವಳ ಕಿವಿ ಬಿಸಿಯಾಯಿತು.

ಪಕ್ಕದಲ್ಲಿದ್ದ ಲಿಂಗಮ್ಮ ಪಿಸುಗುಟ್ಟಿದಳು. ಹೊಸಗದ್ದೆಯಲ್ಲಿ ರುಕ್ಸಾರ್ ಬಾಡಿಗೆಗಿದ್ದದ್ದು ಇವಳ ಮನೆಯಲ್ಲೇ. "ಸಕಲೇಶಪುರದ ರಯೀಸು ಕಣವ್ವಾ. ಇಲ್ಲಿ ತೋಟಗಳ್ಗೆಲ್ಲ ನೀರೆತ್ತೋ ಡೀಸೆಲ್ ಪಂಪು ಬಾಡಿಗೆಗೆ ಕೊಡೋನು."

ಓಹೋ, ಹಾಗೆ ಹೇಳಿ! ಡೀಸೆಲ್ ಪಂಪಿನಿಂದ ಬದುಕುವವನಿಗೆ ಬಿಸಿಲು ಕಂಡರೆ ಆದೀತೇ?

ಮರುದಿನ ಬೆಳಿಗ್ಗೆ ಅವನ ಮಾತನ್ನು ಸುಳ್ಳು ಮಾಡಲೆಂದೇ ಅವಳು ಹಳ್ಳಕ್ಕೆ ಹೋದಳು. ಹಳ್ಳದಲ್ಲಿ ಒದ್ದೆ ಕಲ್ಲು ಬಿಟ್ಟರೆ ಏನೂ ಇರಲಿಲ್ಲ! ಮೇಲಿನ ಐದೂ ತೋಟಗಳಲ್ಲಿ ಸ್ಪ್ರಿಂಕ್ಲರ್‌ಗಳು ನೀರು ಚಿಮ್ಮಿಸುತ್ತಿದ್ದವು.

"ಮಾರ್ಚ್ ಬಂತಂದ್ರೆ ಕಾಫಿ ಹೂ ಬಿಡ್ಬೇಕಲ್ಲ, ಅದಕ್ಕೆ ನೀರು ಹಾರಿಸ್ತಾರೆ." ರಯೀಸ್ ಪೈಪು ಹೊತ್ತು ಇಳಿದು ಬರುತ್ತಿದ್ದ. ಇವತ್ತು ಅವನ ದನಿಯಲ್ಲಿ ಹಾಸ್ಯವಿರಲಿಲ್ಲ. "ಒಬ್ರು ಶುರು ಮಾಡುದ್ರೆ ಪಕ್ಕದೋರ್ಗೆ ತಡೆಯಲ್ಲ. ಅವರ ತೋಟ ಮೊದ್ಲು ಹೂ ಬಿಟ್ರೆ ಮರ್ಯಾದೆ ಪ್ರಶ್ನೆ! ಐದು ಪಂಪೂ ಒಂದೇ ಸಲ, ಹತ್ತು ದಿನ, ಹಗಲೂ ರಾತ್ರಿ. ನೀವು ಅಳೆದಾಗ ಇದು ಇರ್ಲಿಲ್ಲ... ನಿನ್ನೆ ಎಲ್ರೆದುರು ಕೂಗ್ಬಾರ್ದಿತ್ತು. ತಪ್ಪಾಯ್ತು."

ಬಯ್ಯಲು ಬಂದವಳು ಲೆಕ್ಕದ ಪುಸ್ತಕ ತೆಗೆದು, "ಎಲ್ಲ ತೋರಿಸಿ" ಎಂದಳು.

ಆಮೇಲೆ ಎರಡು ದಿನ ಅವನು ಹಳ್ಳದುದ್ದಕ್ಕೂ ಅವಳನ್ನು ನಡೆಸಿದ. ಯಾವ ತೋಟದ ಪಂಪು ಎಲ್ಲಿ ನೀರೆಳೆಯುತ್ತದೆ, ಎಲ್ಲಿ ಒರತೆಯಿದೆ, ಎಲ್ಲ ತೋರಿಸಿದ. ಜಾರುವ ಕಡೆ ಕೈ ಚಾಚಿದ. ಅವಳು ಹಿಡಿದಳು. ನೆಲ ಸಮವಾದ ಮೇಲೂ ಬಿಡುವುದನ್ನು ಮರೆತಳು. ಮರೆವು ಯಾರಿಗೆ ತಾನೇ ಇರುವುದಿಲ್ಲ?

ಶುಕ್ರವಾರ ಅವಳು ಹೊಸದಾಗಿ ಲೆಕ್ಕ ಹಾಕಿದಳು. ದರ ಏರಿತು. ಇನ್ನೊಮ್ಮೆ ಹಾಕಿದಳು. ಇನ್ನೂ ಏರಿತು. ಕೂತರೆ ಏಳಬೇಕು, ಎದ್ದರೆ ಕೂರಬೇಕು! ಫೋನ್ ಮಾಡಿದರೆ ರಯೀಸ್ ಎತ್ತಲಿಲ್ಲ.

ಲಿಂಗಮ್ಮ ಸುದ್ದಿ ತಂದಳು. "ಆ ರಯೀಸು ತೋಟ ತೋಟ ಸುತ್ತಿ ಸೈನ್ ಹಾಕಿಸ್ಕೋತಾ ಅವ್ನಂತೆ ಕಣವ್ವಾ. ಯಾತಕ್ಕೋ ಏನೋ!"

ರುಕ್ಸಾರ್ ಲೆಕ್ಕದ ಪುಸ್ತಕ ಮುಚ್ಚಿದಳು. ನನ್ನ ಪ್ಲಾನಿನ ವಿರುದ್ಧ ಅರ್ಜಿ! ಹಾಗಾದರೆ ಆ ಎರಡು ದಿನ... ಲೋಪ ಹುಡುಕಲು ನಡೆಸಿದ್ದೇ? ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಅವಳು ಜಗಳವಾಡಿ ಮರೆಯುತ್ತಿದ್ದಳು. ಈ ನೋವು ಜಗಳದ್ದಾಗಿರಲಿಲ್ಲ.

ಶನಿವಾರ ಮೊದಲ ಬಸ್ಸು ಹತ್ತಿ ಸಕಲೇಶಪುರದ ಅವನ ಶೆಡ್ಡಿಗೆ ನುಗ್ಗಿದಳು.

"ಸೈನ್ ಹಾಕಿಸ್ತಿರೋದು ನಿಜಾನಾ?"

"ನಿಜ."

"ನಿಮ್ಮ ಡೀಸೆಲ್ ವ್ಯಾಪಾರ ಉಳಿಯೋಕೆ ಅರವತ್ತು ಮನೆ ಕತ್ತಲಲ್ಲಿ ಇರಬೇಕಾ?"

ಅವನ ಮುಖ ಬಾಡಿತು. "ನಾಳೆವರೆಗೂ ಕಾಯ್ತೀರಾ?"

"ಯಾಕೆ? ಇನ್ನೂ ಸೈನ್ ಬಾಕಿ ಇದೆಯಾ?"

"ಒಂದು ಐತೆ."

"ನಂಬಿದ್ದೆ ನಿಮ್ಮನ್ನ!" ಕಣ್ಣೀರು ಕಾಣಬಾರದೆಂದು ಅವಳು ತಿರುಗಿ ನಡೆದುಬಿಟ್ಟಳು. ಅವನು ಕರೆಯಲಿಲ್ಲ. ಕರೆದಿದ್ದರೆ ನಿಲ್ಲುತ್ತಿದ್ದಳೇನೋ... ಗಂಡಸರಿಗೆ ಬೇಕಾದಾಗಲೇ ಬಾಯಿ ಬರುವುದಿಲ್ಲ ನೋಡಿ!

ಭಾನುವಾರ ಚರ್ಚಿನಿಂದ ನೇರವಾಗಿ ಅಲೋಶಿಯಸ್ ಬಂದರು. ಐದರಲ್ಲಿ ದೊಡ್ಡ ತೋಟ ಅವರದು. ಲಿಂಗಮ್ಮನ ಜಗಲಿಯಲ್ಲಿ ಕೂತು ಒಂದು ಕಾಗದ ಬಿಚ್ಚಿದರು.

"ಹಠ ಬಿಟ್ಟು ಸೈನ್ ಹಾಕಿದ್ದೀನಮ್ಮ. ಆ ರಯೀಸ್ ಮೂರು ಸಲ ಬಂದ. ಐದು ತೋಟದೋರೂ ಸರದಿ ಮೇಲೆ ನೀರು ಹಾರಿಸಬೇಕಂತೆ. ಹಗಲು ಮಾತ್ರ, ಬಿಸಿಲಿಂದ ಓಡೋ ಒಂದೇ ಪಂಪಲ್ಲಿ. ರಾತ್ರಿ ಹಳ್ಳ ನಿಮ್ಮ ಟರ್ಬೈನಿಗೆ."

ರುಕ್ಸಾರ್ ಕಾಗದವನ್ನು ಕಸಿದುಕೊಂಡಳು ಎಂದರೂ ಸರಿಯೇ. ಐದು ಸೈನ್! ರಾತ್ರಿ ಹಳ್ಳ ಹರಿದರೆ ಬ್ಯಾಟರಿ ಹೆಚ್ಚಿಸಬೇಕಿಲ್ಲ. ದರ ಅಲ್ಲೇ ನಿಲ್ಲುತ್ತದೆ!

"ನಾನು ಕೇಳ್ದೆ, ಒಂದೇ ಪಂಪು ಸಾಕು ಅಂದ್ರೆ ನಿನ್ನ ಐದು ಪಂಪು ಏನಾಗ್ತವೋ ಮಾರಾಯ ಅಂತ. ನಕ್ಕುಬಿಟ್ಟ. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕ್ಕೊಳ್ಳೋನನ್ನ ಇವತ್ತೇ ನೋಡಿದ್ದು ನಾನು!"

ಉಳಿದ ಮಾತು ಕೇಳಲು ಅವಳು ಅಲ್ಲಿರಲಿಲ್ಲ.

ರಯೀಸ್ ಶೆಡ್ಡಿನ ಬಾಗಿಲಲ್ಲೇ ಕೂತಿದ್ದ. ಅವಳು ಏದುಸಿರು ಬಿಡುತ್ತಾ ಎದುರು ನಿಂತಳು.

"ಯಾಕೆ ಹೇಳ್ಲಿಲ್ಲ?"

"ಒಬ್ರು ಒಪ್ಪದಿದ್ರೂ ನಾಲ್ಕು ಸೈನಿಗೆ ಬೆಲೆ ಇಲ್ಲ. ಅಲೋಶಿಯಸ್ ಸರ್ ಒಪ್ಪಿರ್ಲಿಲ್ಲ. ನಿಮಗೆ ಸುಮ್ನೆ ಆಸೆ ತೋರ್ಸೋದು ಬೇಡ ಅಂತ..."

"ನಾನು ಅಷ್ಟೊಂದು ಅಂದೆ. ಸುಮ್ಮನೆ ಅನ್ನಿಸ್ಕೊಂಡ್ರಲ್ಲ!" ಅವಳ ದನಿ ಒಡೆಯಿತು. "ನಿಮ್ಮ ದುಡಿಮೆ ಹೋಗುತ್ತೆ ರಯೀಸ್."

"ಪಂಪು ಬೇರೆ ಊರಿಗೂ ಹೋಗ್ತವೆ. ಹೊಸಗದ್ದೆಗೆ ಇನ್ನೊಬ್ರು ರುಕ್ಸಾರ್ ಬರಲ್ಲ."

ಅವಳು ಅಳುತ್ತಲೇ ನಕ್ಕಳು. "ನಾಳೆ ಪ್ಲಾನ್ ಕೊಟ್ಟುಬಿಟ್ಟರೆ ನಾನು ಹಾಸನಕ್ಕೆ ವಾಪಸ್ ಹೋಗಬೇಕು."

"ಹೂಂ... ಹೋಗಿ."

"ಹೋಗಿ ಅನ್ನೋಕೆ ಐದು ತೋಟ ಸುತ್ತಿದ್ರಾ?"

ಅವನು ತಲೆ ತಗ್ಗಿಸಿದ. "ಇರಿ ಅನ್ನೋಕೆ ಧೈರ್ಯ ಬರ್ಲಿ ಅಂತ ಸುತ್ತಿದೆ."

"ಬಂತಾ?"

"ಅರ್ಧ."

"ಉಳಿದರ್ಧ ನನ್ನ ಹತ್ರ ಇದೆ." ರುಕ್ಸಾರ್ ಕಣ್ಣೊರೆಸಿಕೊಂಡಳು. "ಮುಂದಿನ ಭಾನುವಾರ ನಿಮ್ಮ ಅಮ್ಮಿಯನ್ನ ಹಾಸನದ ನಮ್ಮ ಮನೆಗೆ ಕಳಿಸಿ."

ರಯೀಸ್ ತಲೆ ಎತ್ತಿದ. "ಇವತ್ತೂ ಭಾನುವಾರಾನೇ ಐತಲ್ಲ..."