ಹತ್ತು ವರ್ಷ ಬಾಳುವ ತಂತಿ

ಬೇಸ್ ಗಿಟಾರಿನ ತಂತಿಯನ್ನು ಎರಡು ತಿಂಗಳಿಗೊಮ್ಮೆ ಬದಲಾಯಿಸುವ ಮನುಷ್ಯ ಆ ಊರಲ್ಲಿ ಯಾರಾದರೂ ಇದ್ದರೆ ಅವನು ಕನ್ನಡಕದಂಗಡಿಯವನೊಬ್ಬನೇ. ಉಳಿದವರೆಲ್ಲ ಒಮ್ಮೆ ತಂತಿ ಹಾಕಿಸಿಕೊಂಡು ಹೋದರೆ ಅದು ಕರ್ರಗಾಗಿ, ಬಾರಿಸಿದರೆ ಬಾಗಿಲು ತಟ್ಟಿದ ಸದ್ದು ಬರುವ ತನಕ ಇತ್ತ ತಲೆ ಹಾಕುವವರಲ್ಲ. ಇವನು ಮಾತ್ರ ತಿಂಗಳು ಬಿಟ್ಟು ತಿಂಗಳು, ಮೊದಲ ಶನಿವಾರ, ಸಂಜೆ ನಾಲ್ಕಕ್ಕೆ ಸರಿಯಾಗಿ, ತಲೆಗಿಂತ ಒಂದು ಗೇಣು ಎತ್ತರಕ್ಕೆ ಏಳುವ ಚೀಲ ಬೆನ್ನಿಗೇರಿಸಿಕೊಂಡು ಗಿಟಾರ್ ರಿಪೇರಿ ಅಂಗಡಿಯ ಮೂರು ಮೆಟ್ಟಿಲು ಹತ್ತುತ್ತಿದ್ದ. ಹೀಗೆ ಮೂರು ವರ್ಷ ನಡೆದಿತ್ತು.

ಅಂಗಡಿಯ ಒಡತಿಗೆ ಮೂವತ್ತನಾಲ್ಕು. ಮುರಿದ ಗಿಟಾರಿನ ಕತ್ತು ಕೂಡಿಸುವುದರಲ್ಲಿ ಅವಳದು ಎತ್ತಿದ ಕೈ. ಆದರೆ ಆ ಶನಿವಾರಗಳಲ್ಲಿ ಮೂರೂ ಮುಕ್ಕಾಲಿಗೆಲ್ಲ ಅದೇ ಕೈಗೆ ಸ್ಕ್ರೂಡ್ರೈವರ್ ಎಲ್ಲಿಟ್ಟೆ ಎನ್ನುವುದೇ ಮರೆತುಹೋಗುತ್ತಿತ್ತು. ಕಿಟಕಿಯ ಪಕ್ಕ ಹೊಲಿಗೆ ಯಂತ್ರದ ಮುಂದೆ ಕೂತು ಗಿಟಾರಿನ ಚೀಲ ಹೊಲಿಯುವ ಅವಳ ಸೋದರತ್ತೆ ಇದನ್ನೆಲ್ಲ ಕಂಡೂ ಕಾಣದ ಹಾಗೆ ಇರುತ್ತಿದ್ದಳು. ಕಾಣದ ಹಾಗೆ ಇರುವುದು ಅತ್ತೆಗೆ ಬಹಳ ಕಷ್ಟದ ಕೆಲಸ.

ಈ ಸಲ ಅವನು ಹೊತ್ತಲ್ಲದ ಹೊತ್ತಿನಲ್ಲಿ, ಒಂದು ಮಂಗಳವಾರ ಬಂದ. ಚೀಲ ಇಳಿಸಿದ, ಬಿಚ್ಚಲಿಲ್ಲ. ಮೇಜಿನ ಮೇಲೆ ಎಡಗೈ ಚಾಚಿದ. ನಾಲ್ಕು ಬೆರಳ ತುದಿಯೂ ಕೆಂಪಾಗಿ ಸಿಪ್ಪೆ ಎದ್ದಿತ್ತು.

"ಅಯ್ಯೋ, ಏನು ಸುಟ್ಟುಕೊಂಡ್ರಾ?"

"ತಂತಿ ಮುಟ್ಟಿದ್ದಕ್ಕೆ ಹೀಗೆ" ಎಂದು ನಕ್ಕ. "ನನಗೆ ನಿಕಲ್ ಆಗಲ್ಲವಂತೆ. ಡಾಕ್ಟರ್ ಹೇಳೋಕೆ ಮುಂಚೆ ನನಗೇ ಅನ್ನಿಸಿತ್ತು. ಕೆಲವರಿಗೆ ಕನ್ನಡಕದ ಫ್ರೇಮ್ ತಾಗಿದ ಕಡೆ ಮೂಗಿನ ಮೇಲೆ ಹೀಗೇ ಆಗತ್ತೆ."

"ಯಾವಾಗಿಂದ ಇದು?"

"ಆರು ತಿಂಗಳಾಯ್ತೇನೋ. ಹೊಸ ತಂತಿ ಹಾಕಿದಾಗ ಜೋರು. ಹಳೇದಾಗ್ತಾ ಆಗ್ತಾ ಸ್ವಲ್ಪ ತಣ್ಣಗಾಗತ್ತೆ. ಅಷ್ಟರಲ್ಲಿ ಮತ್ತೆ ಬದಲಾಯಿಸೋ ಹೊತ್ತು ಬಂದಿರತ್ತೆ."

ಅವಳು ಆ ಬೆರಳುಗಳಿಂದ ಕಣ್ಣು ತಪ್ಪಿಸಿದಳು. ಯಾಕೆಂದರೆ ಬದಲಾಯಿಸುವ ಹೊತ್ತನ್ನು ಗೊತ್ತುಮಾಡಿದವಳು ಅವಳೇ.

ಮೂರು ವರ್ಷದ ಹಿಂದೆ ಅವನು ಮೊದಲ ಸಲ ಬಂದಾಗ, ಗೆಳೆಯರ ಜೊತೆ ಭಾನುವಾರ ಮಾತ್ರ ನುಡಿಸುತ್ತೇನೆ, ನಿಧಾನದ ಹಳೇ ಹಾಡುಗಳು, ಎಂಥ ತಂತಿ ಹಾಕಿಸಲಿ ಎಂದು ಕೇಳಿದ್ದ. ಕಸುಬು ಬಲ್ಲ ಯಾರೇ ಆದರೂ ಕಪ್ಪು ತಂತಿ ಕೊಡುತ್ತಿದ್ದರು. ಒಳಗೆ ಲೋಹ, ಮೇಲೆ ನೈಲಾನ್ ಪಟ್ಟಿಯ ಸುತ್ತು. ಅದರ ದನಿ ಮೆತ್ತಗೆ, ಬೆಚ್ಚಗೆ. ಒಮ್ಮೆ ಹಾಕಿದರೆ ಹತ್ತು ವರ್ಷ ಅತ್ತ ನೋಡಬೇಕಾಗಿಲ್ಲ. ಆ ಡಬ್ಬಿ ಅವಳ ಕೈಯಲ್ಲೇ ಇತ್ತು. ಅಷ್ಟರಲ್ಲಿ ಅವನು ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸುತ್ತಾ, ಸರಿಯಾಗಿ ಕಾಣದ ಕಣ್ಣುಗಳನ್ನು ಕಿರಿದು ಮಾಡಿ ಅವಳು ನಿಂತ ಕಡೆ ನೋಡಿ, "ನೀವು ಹೇಳಿದ್ದೇ ಹಾಕಿ, ನನಗೇನೂ ಗೊತ್ತಾಗಲ್ಲ" ಅಂದ.

ಅವಳು ಕಪ್ಪು ಡಬ್ಬಿಯನ್ನು ಮೇಲಿನ ಶೆಲ್ಫಿಗೆ ಸೇರಿಸಿ ಫಳಫಳ ಹೊಳೆಯುವ ನಿಕಲ್ ತಂತಿ ತೆಗೆದಳು. "ಇದು ಹಾಕ್ತೀನಿ. ಆದ್ರೆ ಎರಡು ತಿಂಗಳಿಗೊಮ್ಮೆ ಬದಲಾಯಿಸ್ತಿರಬೇಕು." ಮನಸ್ಸು ಒಪ್ಪಿಗೆ ಕೊಡುವ ಮುಂಚೆಯೇ ನಾಲಿಗೆ ಆ ಮಾತು ಆಡಿಬಿಟ್ಟಿತ್ತು. ದಿನಾ ವೇದಿಕೆ ಹತ್ತುವವರಿಗೆ ಅದು ಸರಿಯಾದ ಮಾತೇ. ಭಾನುವಾರದ ವಾದಕನಿಗೆ ಶುದ್ಧ ಸುಳ್ಳು.

"ಒಂದು ಉಪಾಯ ಇದೆ" ಎನ್ನುತ್ತಿದ್ದ ಅವನು ಈಗ. "ಕೆಲವು ಗಿರಾಕಿಗಳಿಗೆ ಫ್ರೇಮಿನ ಚೂರನ್ನ ತೋಳಿಗೆ ಅಂಟಿಸಿ ಎರಡು ದಿನ ಬಿಟ್ಟು ನೋಡ್ತೀವಿ. ಆಗಲ್ಲ ಅಂದ್ರೆ ಅಲ್ಲಿ ಕೆಂಪಾಗತ್ತೆ. ತಂತಿಗೂ ಹಾಗೆ ಮಾಡಿದ್ರೆ?"

"ಮಾಡಬಹುದು."

"ಸರಿಯಾದದ್ದು ಸಿಕ್ಕಿದ್ರೆ ನಿಮಗೂ ನನ್ನ ಕಾಟ ತಪ್ಪತ್ತೆ. ನಮ್ಮ ಅಂಗಡೀಲಿ ನಾನು ಹೇಳ್ತಿರ್ತೀನಿ, ಬಂದವರು ಬೇಗ ಮತ್ತೆ ಬರಬಾರದು, ಆಗಲೇ ನಾವು ಕೆಲಸ ನೆಟ್ಟಗೆ ಮಾಡಿದ್ದೀವಿ ಅಂತ."

ಅವನು ಅದನ್ನು ಸಹಜವಾಗಿ ಹೇಳಿದ. ಅವಳು ತಲೆ ತಗ್ಗಿಸಿ ಇಕ್ಕಳ ಹುಡುಕಿದಳು.

ಮೂರು ಬಗೆಯ ತಂತಿಯಿಂದ ಮೂರು ಚೂರು ಕತ್ತರಿಸಿದಳು. ನಿಕಲ್, ಸ್ಟೀಲ್, ಮೇಲೆ ತೆಳುವಾಗಿ ಲೇಪ ಹಚ್ಚಿದ್ದು. ಅವನು ಅಂಗಿಯ ತೋಳು ಮಡಚಿ ಮುಂಗೈ ಮೇಲು ಮಾಡಿ ಇಟ್ಟ. ಬಿಸಿಲು ಕಾಣದ ಒಳಭಾಗ, ನಡುವೆ ಹಾದುಹೋದ ಒಂದು ನೀಲಿ ನರ. ಒಂದೊಂದೇ ಚೂರಿಟ್ಟು ಟೇಪ್ ಅಂಟಿಸಿದಳು. ಪೆನ್ನಿನಿಂದ ಒಂದು ಎಂದು ಬರೆಯುವಾಗ ಅವನು ಕೈ ಎಳೆದುಕೊಂಡ.

"ಕಚಗುಳಿ."

"ಅಲ್ಲಾಡಿದ್ರೆ ಸೊನ್ನೆ ಬರೀತೀನಿ."

"ಬರೀರಿ. ಸ್ಕೂಲಲ್ಲಿ ಅಭ್ಯಾಸ ಆಗಿದೆ."

ಎರಡು ಬರೆದಳು. ಮೂರು ಬರೆಯಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡಳು. ಕತ್ತೆತ್ತಿದರೆ ಅವನು ತೋಳನ್ನಲ್ಲ, ಅವಳ ಹಣೆಯ ಮೇಲೆ ಬಿದ್ದ ಕೂದಲನ್ನು ನೋಡುತ್ತಿದ್ದ. ಸಿಕ್ಕಿಬಿದ್ದವನು ತಟ್ಟನೆ ಗೋಡೆಯ ಗಡಿಯಾರ ನೋಡಿದ. ಆ ಗಡಿಯಾರ ಕೆಟ್ಟು ನಿಂತು ಒಂದು ವರ್ಷವಾಗಿತ್ತು.

"ಇಷ್ಟೇನಾ? ಬೇರೆ ಯಾವ್ದೂ ಇಲ್ವಾ?"

ಅವಳ ಕಣ್ಣು ಮೇಲಿನ ಶೆಲ್ಫಿನತ್ತ ಹೋಯಿತು. ಕಿಟಕಿಯ ಬಳಿ ಹೊಲಿಗೆ ಯಂತ್ರ ಗಕ್ಕನೆ ನಿಂತಿತು.

"ಇಷ್ಟೇ" ಅಂದಳು.

ಅವನು ಮೆಟ್ಟಿಲಿಳಿದು ಮರೆಯಾಗುವ ತನಕ ಅತ್ತೆ ಕಾದಳು.

"ಮೇಲಿನ ಡಬ್ಬಿಗೆ ಏನು ಕಾಲು ಮುರಿದಿತ್ತಾ, ಇಳಿದು ಬರೋಕಾಗದ ಹಾಗೆ?"

"ಅತ್ತೆ, ಅದು ಹಾಕಿಕೊಟ್ರೆ ಅವರು ಹತ್ತು ವರ್ಷ ಬರಲ್ಲ."

"ಹೌದು. ಆಗ ನಿನಗೆ ನಲವತ್ತನಾಲ್ಕು, ಅಷ್ಟು ನನಗೂ ಗೊತ್ತಾಗತ್ತೆ. ಆದರೆ ಆ ಬೆರಳು ಅವನದು ಕಣೇ."

"ಸ್ಟೀಲ್ ಆಗಬಹುದು. ಎಷ್ಟೋ ಜನಕ್ಕೆ ಆಗತ್ತೆ."

ಅತ್ತೆ ಸೂಜಿಗೆ ದಾರ ಪೋಣಿಸಿದಳು. ಒಡತಿಗಂತೂ ಸ್ಟೀಲ್ ಆಗಲೇಬೇಕಿತ್ತು. ಸ್ಟೀಲ್ ಆದರೆ ಬೆರಳೂ ಉಳಿಯಿತು, ಶನಿವಾರವೂ ಉಳಿಯಿತು. ಆ ಎರಡು ದಿನ ಅವಳು ಕಂಡ ದೇವರಿಗೆಲ್ಲ ಒಂದು ತುಂಡು ಸ್ಟೀಲಿನ ಪರವಾಗಿ ಬೇಡಿಕೊಂಡಳು.

ಗುರುವಾರ ಅವನು ಬಂದು ತೋಳು ಮಡಚಿದ. ಅವಳು ಮೆಲ್ಲಗೆ, ಕೂದಲು ಕೀಳದ ಹಾಗೆ ಟೇಪ್ ಬಿಡಿಸಿದಳು. ಒಂದು ಕೆಂಪು. ಎರಡು ಕೆಂಪು. ಮೂರು, ಸ್ವಲ್ಪ ಕಡಿಮೆ, ಆದರೂ ಕೆಂಪೇ.

ಅವನು ಅಂಗಿಯ ತೋಳು ಇಳಿಸಿಕೊಂಡ.

"ಸರಿ ಬಿಡಿ" ಅಂದ. "ನಮ್ಮ ಡ್ರಮ್ಮರಿನ ತಮ್ಮ ಕಲೀಬೇಕು ಅಂತಿದ್ದ. ಗಿಟಾರ್ ಅವನಿಗೆ ಕೊಟ್ಟುಬಿಡ್ತೀನಿ." ಬಾಯಿ ಹಾಗೆ ಹೇಳಿತು, ಕೈ ಮಾತ್ರ ಚೀಲದ ಕತ್ತನ್ನು ಹಿಡಿದೇ ಇತ್ತು. "ವಾರವೆಲ್ಲ ಸಣ್ಣ ಸ್ಕ್ರೂ, ಸಣ್ಣ ಅಕ್ಷರ. ಭಾನುವಾರ ಒಂದು ದಿನ ದಪ್ಪ ತಂತಿ ಹಿಡಿದು ಕೂತ್ರೆ ಹಾಯಾಗಿರ್ತಿತ್ತು. ಪರವಾಗಿಲ್ಲ. ನೀವು ಇಷ್ಟು ಮಾಡಿದ್ರಲ್ಲ, ಅದೇ ದೊಡ್ಡದು."

ಆ ಕೊನೆಯ ಮಾತನ್ನು ಅವಳಿಂದ ತಾಳಿಕೊಳ್ಳಲಾಗಲಿಲ್ಲ. ಸ್ಟೂಲ್ ಎಳೆದು ಹತ್ತಿದಳು. ಡಬ್ಬಿಯ ಧೂಳು ಒರೆಸಿ ಅವನ ಮುಂದಿಟ್ಟಳು.

"ಇದು ನಿಮಗೆ ಆಗತ್ತೆ. ಮೇಲೆಲ್ಲ ನೈಲಾನ್. ಬೆರಳಿಗೆ ಲೋಹ ತಾಗೋದೇ ಇಲ್ಲ."

"ಮೊನ್ನೆ ಇರ್ಲಿಲ್ವಾ ಇದು?"

"ಇತ್ತು. ಮೂರು ವರ್ಷದಿಂದಲೂ ಇದೆ. ನೀವು ನುಡಿಸೋ ಹಾಡಿಗೆ ಮೊದಲ ದಿನವೇ ಇದನ್ನ ಹಾಕಬೇಕಿತ್ತು. ಇದು ಹತ್ತು ವರ್ಷ ಬಾಳತ್ತೆ. ಅದಕ್ಕೇ ಕೊಡಲಿಲ್ಲ."

ಅವನಿಗೆ ಅರ್ಥವಾಗಲಿಲ್ಲ. ಅವಳು ಡಬ್ಬಿಯ ಮೇಲೆ ಕಣ್ಣು ನೆಟ್ಟು ಉಳಿದದ್ದನ್ನೂ ಹೇಳಿದಳು.

"ಎರಡು ತಿಂಗಳಿಗೊಮ್ಮೆ ಅಂತ ನಾನು ಹೇಳಿದ್ದು ತಂತಿಗೋಸ್ಕರ ಅಲ್ಲ. ನೀವು ಬರಲಿ ಅಂತ. ನಿಮ್ಮ ಬೆರಳು ಹೀಗಾಗತ್ತೆ ಅಂತ ದೇವರಾಣೆಗೂ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಮೊನ್ನೆ ಬಚ್ಚಿಟ್ಟೆ. ತಪ್ಪಾಯ್ತು."

ಹೊಲಿಗೆ ಯಂತ್ರ ಯಾವಾಗಲೋ ನಿಂತಿತ್ತು. ಅತ್ತೆ ಇಲ್ಲದ ಕೆಲಸ ನೆನಪು ಮಾಡಿಕೊಂಡು ಒಳಕೋಣೆಗೆ ಎದ್ದುಹೋದಳು.

ಅವನು ಕನ್ನಡಕ ತೆಗೆದ, ಒರೆಸಲಿಲ್ಲ, ಮತ್ತೆ ಹಾಕಿಕೊಂಡ.

"ಹಾಕಿಕೊಡಿ" ಅಂದ.

ಮುಕ್ಕಾಲು ಗಂಟೆಯ ಕೆಲಸ. ಅವನು ಬಾಗಿಲ ಬಳಿ ನಿಂತು ಬೀದಿ ನೋಡುತ್ತಿದ್ದ. ಕಪ್ಪು ತಂತಿ ದಪ್ಪ, ಕತ್ತಿನ ತುದಿಯಲ್ಲಿ ತಂತಿ ಕೂರುವ ಸಂದುಗಳಲ್ಲಿ ಹಿಡಿಸದು. ಪ್ರತಿಯೊಂದನ್ನೂ ಅರದಲ್ಲಿ ಉಜ್ಜಿ ಕೂದಲೆಳೆಯಷ್ಟು ಅಗಲ ಮಾಡಿದಳು. ತಂತಿಯನ್ನು ಮೊದಲು ಬಾಗಿಸಿ ಆಮೇಲೆ ತುದಿ ಕತ್ತರಿಸಬೇಕು, ಇಲ್ಲದಿದ್ದರೆ ಒಳಗಿನ ಸುತ್ತು ಸಡಿಲಗೊಂಡು ದನಿ ಸಾಯುತ್ತದೆ. ಕಣ್ಣು ಮಂಜಾಗಿದ್ದರೂ ಕೈ ತಪ್ಪಲಿಲ್ಲ. ಅಷ್ಟು ಚೆನ್ನಾಗಿ ಅವಳು ಯಾರ ಗಿಟಾರಿಗೂ ತಂತಿ ಹಾಕಿರಲಿಲ್ಲ.

ಅವನು ಕೂತು ಒಂದು ಸ್ವರ ನುಡಿಸಿದ. ದನಿ ಮೇಜಿನ ಮರದಲ್ಲಿ ಇಳಿದು ಅವಳ ಮೊಣಕೈಗೆ ತಾಗಿತು. ಇನ್ನೊಂದು ನುಡಿಸಿದ. ಬೇಡವೆಂದರೂ ಅವನ ಮುಖ ಅರಳಿತು, ಅರಳಿದ್ದು ಗೊತ್ತಾಗಿ ಮತ್ತೆ ಮುದುಡಿತು.

ಚೀಲದ ಜಿಪ್ ಎಳೆದು ಬೆನ್ನಿಗೇರಿಸಿದ. "ಇನ್ನು ಹತ್ತು ವರ್ಷ ಬರಬೇಕಾಗಿಲ್ಲ, ಅಲ್ವಾ?"

ಬರಬೇಕು ಎನ್ನಲು ನೂರು ನೆಪ ಇದ್ದವು. ತಂತಿ ಬಿಗಿಯುವ ಕೀಲಿಗೆ ಎಣ್ಣೆ, ಕತ್ತಿನ ಬಾಗು, ಏನು ಹೇಳಿದರೂ ಅವನು ನಂಬುತ್ತಿದ್ದ.

"ಇಲ್ಲ" ಅಂದಳು. "ಬರಬೇಕಾಗಿಲ್ಲ."

"ನಾನು ನಿಮ್ಮನ್ನ ತುಂಬಾ ನಂಬಿದ್ದೆ" ಎಂದಷ್ಟೇ ಹೇಳಿ ಅವನು ಮೆಟ್ಟಿಲಿಳಿದ.

ಮೂರು ವಾರ ಕಳೆಯಿತು. ಅವನು ಎಂದಿನಂತೆ ಬರಬೇಕಾಗಿದ್ದ ಶನಿವಾರ ಬಂತು. ಬರುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮೂರೂವರೆಗೆ ಮುಖ ತೊಳೆದಳು. ನಾಲ್ಕಾಯಿತು, ಐದಾಯಿತು. ಆರಕ್ಕೆ ಅತ್ತೆ ತಾನೇ ಬಾಗಿಲು ಎಳೆದಳು. ಆ ದಿನ ಮೊದಲ ಸಲ ಅವಳಿಗೆ ಹತ್ತು ವರ್ಷ ಎಷ್ಟು ಉದ್ದ ಎನ್ನುವುದು ಅರ್ಥವಾಗಿ ಅಳು ಬಂತು.

ಸೋಮವಾರ ಬೆಳಿಗ್ಗೆ ಅಂಗಡಿ ತೆರೆದು ಗುಡಿಸುತ್ತಿದ್ದಾಗ ಮೆಟ್ಟಿಲ ಮೇಲೆ ಯಾರೋ ನಿಂತರು. ಬೆನ್ನ ಮೇಲೆ ಚೀಲವಿಲ್ಲದ ಅವನ ಗುರುತು ಅವಳಿಗೆ ಒಂದು ಗಳಿಗೆ ಸಿಗಲೇ ಇಲ್ಲ.

"ಗಿಟಾರ್?"

"ಮನೇಲಿದೆ."

"ತಂತಿಗೆ ಏನಾದ್ರೂ..."

"ತಂತಿ ಬಂಗಾರದ ಹಾಗಿದೆ. ಬೆರಳೂ ಅಷ್ಟೇ." ಎಡಗೈ ಚಾಚಿ ತೋರಿಸಿದ. ಹೊಸ ಚರ್ಮ ಬಂದಿತ್ತು.

"ಮತ್ತೆ, ಏನಾಗ್ಬೇಕಿತ್ತು?"

"ಏನೂ ಇಲ್ಲ." ಅವನು ಒಳಗೆ ಬಂದು ಮೇಜಿಗೆ ಒರಗಿ ನಿಂತ. "ಶನಿವಾರ ಈ ಬೀದಿ ತಿರುವಿನ ತನಕ ಬಂದು ವಾಪಸ್ ಹೋದೆ. ಶನಿವಾರ ಬಂದ್ರೆ ತಂತಿಗೆ ಬಂದ ಹಾಗಾಗತ್ತೆ ಅನ್ನಿಸ್ತು. ಸೋಮವಾರ ನನಗೆ ಇಲ್ಲಿ ಯಾವ ಕೆಲಸಾನೂ ಇಲ್ಲ. ಅದಕ್ಕೇ ಇವತ್ತು ಬಂದೆ."

ಅವಳ ಕೈಯಲ್ಲಿ ಪೊರಕೆ ಹಾಗೇ ಉಳಿಯಿತು.

"ಕೋಪ ಹೋಯ್ತಾ?"

"ಇಲ್ಲ, ಇದೆ. ಬೆರಳಿಗಲ್ಲ. ಬನ್ನಿ ಅಂತ ಒಂದು ಮಾತು ಹೇಳಿದ್ದಿದ್ರೆ ಮೂರು ವರ್ಷದ ಹಿಂದೆಯೇ ಹೀಗೆ ಬರ್ತಿದ್ದೆ. ಎರಡು ತಿಂಗಳಿಗೊಮ್ಮೆ ಅಂತ ನೀವು ಹೇಳಿದ್ರಿ, ದಿನ ಎಣಿಸ್ತಾ ಕೂತೆ. ಆ ಎಣಿಸಿದ ದಿನಗಳಿಗೆಲ್ಲ ಕೋಪ ಇದೆ."

ಒಳಕೋಣೆಯಿಂದ ಅತ್ತೆ ಕೆಮ್ಮಿದ ಸದ್ದು ಕೇಳಿತು. ಅದು ಕೆಮ್ಮೋ ನಗುವೋ ಹೇಳಲು ಬರುವಂತಿರಲಿಲ್ಲ.

ಅವಳು ಪೊರಕೆ ಗೋಡೆಗೆ ಒರಗಿಸಿದಳು. ಕೈ ಒರೆಸಿಕೊಂಡು ಅವನ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದಳು. ಈ ಸಲ ಗುರುತು ಹಾಕಲು, ಚೂರು ಅಂಟಿಸಲು ಏನೂ ಇರಲಿಲ್ಲ.

"ನಾಳೆ ಏನಾದ್ರೂ ಕೆಲಸ ಇದ್ಯಾ ಇಲ್ಲಿ?" ಎಂದು ಕೇಳಿದಳು.

"ನಾಳೆನೂ ಇಲ್ಲ."

"ಹಾಗಾದ್ರೆ ನಾಳೆನೂ ಬನ್ನಿ."